ಕರೋಕೆ ಹಾಡು: ಹುಡುಗಿಯರ ದನಿಗೆ ಯಾವುದು ಒಗ್ಗುತ್ತದೆ?

ಕರೋಕೆ ಎಂಬ ಮಾತು ಈಗ ಹಳ್ಳಿಯ ಪ್ರೌಢಶಾಲೆಯ ವಾರ್ಷಿಕೋತ್ಸವದ ತನಕ ಬಂದು ತಲುಪಿದೆ. ಹಾಡುವವರ ದನಿಯನ್ನು ಬಿಟ್ಟು ಉಳಿದ ವಾದ್ಯಗಳನ್ನಷ್ಟೇ ಮುದ್ರಿಸಿಕೊಂಡು, ಆ ಖಾಲಿ ಜಾಗದಲ್ಲಿ ನಮ್ಮ ದನಿಯನ್ನು ತುಂಬುವುದು ಕರೋಕೆ. ಜಪಾನೀ ಭಾಷೆಯಲ್ಲಿ ‘ಕರ’ ಎಂದರೆ ಖಾಲಿ. ಆರ್ಕೆಸ್ಟ್ರಾ ಎಂಬ ಪದವನ್ನು ಜಪಾನೀಯರು ‘ಓಕೆಸುತೊರಾ’ ಎಂದು ಉಚ್ಚರಿಸುತ್ತಾರೆ. ಅದರ ಮೊದಲ ತುಂಡೇ ‘ಓಕೆ’. ಎರಡೂ ಸೇರಿ ‘ಖಾಲಿ ವಾದ್ಯವೃಂದ’ ಎಂದಾಯಿತು.

ಈ ವಿಷಯದ ಮಾತುಕತೆಯನ್ನು ನಡೆಸಿದಾಗಲೆಲ್ಲ ವಿದ್ಯಾರ್ಥಿನಿಯರಿಂದ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಹಾಡಲು ಸುಲಭವಾಗಿರಬೇಕು, ಕೇಳುವವರೂ ಚಪ್ಪಾಳೆ ತಟ್ಟಬೇಕು, ಅಂಥ ಹಾಡು ಯಾವುದು ಹೇಳಿ.” ಹತ್ತು ಹಾಡುಗಳ ಪಟ್ಟಿ ಬರೆದು ಕೊಡುವುದು ಕಷ್ಟವಲ್ಲ. ಆದರೆ ನನ್ನ ಪಟ್ಟಿ ನಿಮ್ಮ ಗಂಟಲಿಗೆ ಆಗದೇ ಹೋಗಬಹುದು. ಅಂಗಡಿಯಲ್ಲಿ ಚೆನ್ನಾಗಿ ಕಂಡ ಚಪ್ಪಲಿ ನಮ್ಮ ಕಾಲಿಗೆ ಕಚ್ಚುವುದಿಲ್ಲವೇ, ಹಾಗೆ. ಆದ್ದರಿಂದ ಅಳತೆ ತೆಗೆಯುವುದನ್ನು ಕಲಿಯೋಣ.

ಇದರಲ್ಲಿ ಹಗುರವಲ್ಲದ ಸಂಗತಿಯೊಂದಿದೆ. ಪ್ರಥಮ ಪಿ.ಯು.ಸಿ.ಯಲ್ಲಿ ಒಮ್ಮೆ ಮೈಕಿನ ಮುಂದೆ ನಿಂತು, ಚರಣದ ಎತ್ತರದಲ್ಲಿ ದನಿ ಒಡೆದು, ಹಿಂದಿನ ಬೆಂಚಿನವರು ನಕ್ಕರೆಂದು ಅಂದಿನಿಂದ ಹಾಡುವುದನ್ನೇ ಬಿಟ್ಟ ಹುಡುಗಿಯರು ಎಷ್ಟೋ ಮಂದಿ. “ನನಗೆ ಕಂಠವಿಲ್ಲ” ಎಂದು ಅವರು ತಮಗೆ ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಆ ದಿನ ಹಾಕಿದ ಟ್ರ್ಯಾಕು ಯಾವ ಶ್ರುತಿಯಲ್ಲಿತ್ತು ಎಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ, ಹಾಕಿದವರಿಗೂ ಗೊತ್ತಿರುವುದಿಲ್ಲ. ತೀರ್ಪು ಕೊಡುವ ಮೊದಲು ಸಾಕ್ಷಿಯನ್ನು ವಿಚಾರಿಸಬೇಡವೇ?

ಕರೋಕೆ ಹುಟ್ಟಿದ ಕಥೆಯಲ್ಲೇ ಇದಕ್ಕೆ ಉತ್ತರವಿದೆ. ಜಪಾನಿನ ಕೋಬೆ ನಗರದಲ್ಲಿ ಡೈಸುಕೆ ಇನೊಯೆ ಎಂಬ ವಾದ್ಯಗಾರರಿದ್ದರು. ಪಾನಗೃಹಗಳಲ್ಲಿ ಗಿರಾಕಿಗಳು ಹಾಡುವಾಗ ಜೊತೆಗೆ ನುಡಿಸುವುದು ಅವರ ಕಸುಬು. ಅವರ ಪಕ್ಕವಾದ್ಯವಿದ್ದರೆ ಮಾತ್ರ ಹಾಡಬಲ್ಲೆ ಎನ್ನುತ್ತಿದ್ದ ಸಣ್ಣ ಕಂಪನಿಯ ಮಾಲೀಕರೊಬ್ಬರು ಪರ ಊರಿಗೆ ಹೊರಟಾಗ ಇನೊಯೆ ಅವರನ್ನೂ ಕರೆದರು. ಇನೊಯೆಗೆ ಹೋಗಲು ಆಗಲಿಲ್ಲ. ಬದಲಿಗೆ ವಾದ್ಯವನ್ನು ಟೇಪಿನಲ್ಲಿ ಮುದ್ರಿಸಿ ಕೊಟ್ಟರು. ಅದನ್ನು ಮುದ್ರಿಸಿದ್ದು ಮೂಲ ಹಾಡಿನ ಶ್ರುತಿಯಲ್ಲಲ್ಲ, ಆ ಮನುಷ್ಯನ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ. 1971ರಲ್ಲಿ ಇನೊಯೆ ಇದನ್ನೇ ನಾಣ್ಯ ಹಾಕಿದರೆ ನುಡಿಯುವ ಯಂತ್ರವನ್ನಾಗಿಸಿ, ಮೊದಲಿಗೆ ಹನ್ನೊಂದು ಯಂತ್ರಗಳನ್ನು ಮಾಡಿ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಪಡೆಯಲಿಲ್ಲ. 2004ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದು ನಗೆಯ ಪ್ರಶಸ್ತಿ; ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನು ಜನರಿಗೆ ಕಲಿಸಿದ್ದಕ್ಕಾಗಿ ಎಂಬುದು ಕೊಟ್ಟವರ ವಿವರಣೆ. (ಟೋಕಿಯೋದ ಶಿಗೆಇಚಿ ನೆಗಿಶಿ 1967ರಲ್ಲೇ ಇಂಥ ಪೆಟ್ಟಿಗೆಯನ್ನು ಮಾಡಿದ್ದರು. ಫಿಲಿಪ್ಪೀನ್ಸಿನ ರೊಬೆರ್ತೊ ದೆಲ್ ರೊಸಾರಿಯೊ ತಮ್ಮ ಯಂತ್ರಕ್ಕೆ ಪೇಟೆಂಟನ್ನೂ ಪಡೆದರು. ಮೊದಲಿಗರು ಯಾರು ಎಂಬ ಜಗಳ ನಮಗೆ ಬೇಡ.)

ನೋಡಿ, ಮೊದಲ ಟೇಪು ಹಾಡುವವನ ಅಳತೆಗೆ ಹೊಲಿಸಿದ ಅಂಗಿ. ನಾವು ಇಂದು ಮೊಬೈಲಿನಲ್ಲಿ ಹುಡುಕಿ ತೆಗೆಯುವ ಟ್ರ್ಯಾಕು ಇನ್ನೊಬ್ಬರ ಅಳತೆಯ ಸಿದ್ಧ ಉಡುಪು. ಹೆಚ್ಚಿನ ಸಲ ಆ ಇನ್ನೊಬ್ಬರು ವೃತ್ತಿಪರ ಗಾಯಕರು. ಎಷ್ಟೋ ಸಲ ಗಂಡಸರು.

ಈಗ ಸ್ವಲ್ಪ ಭೌತಶಾಸ್ತ್ರ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಉಸಿರು ಅವುಗಳ ನಡುವೆ ನುಗ್ಗಿದಾಗ ಅವು ಕಂಪಿಸುತ್ತವೆ. ವೀಣೆಯಲ್ಲಿ ಮೆಟ್ಟಿಲು ಬದಲಿಸಿ ತಂತಿಯ ಮಿಡಿಯುವ ಭಾಗವನ್ನು ಗಿಡ್ಡ ಮಾಡಿದರೆ ಸ್ವರ ಏರುವುದನ್ನು ನೋಡಿದ್ದೀರಷ್ಟೆ? ಹೆಂಗಸರ ಧ್ವನಿತಂತುಗಳು ಗಂಡಸರವಕ್ಕಿಂತ ಗಿಡ್ಡ ಹಾಗೂ ತೆಳು. ಆದ್ದರಿಂದ ಸಾಧಾರಣ ಮಾತಿನಲ್ಲಿ ಹೆಂಗಸರ ಧ್ವನಿತಂತು ಸೆಕೆಂಡಿಗೆ ಸುಮಾರು 200 ಸಲ ಕಂಪಿಸಿದರೆ, ಗಂಡಸರದ್ದು ಸುಮಾರು 120 ಸಲ. ಹಾಡಿನಲ್ಲೂ ಅಂತರ ಹೀಗೆಯೇ. ಹಾರ್ಮೋನಿಯಂ ಇಟ್ಟುಕೊಂಡವರ ಮನೆಯಲ್ಲಿ ಕೇಳಿ ನೋಡಿ: ಗಂಡಸರು ‘ಕಪ್ಪು ಒಂದು’ ಎನ್ನುತ್ತಾರೆ, ಹೆಂಗಸರು ‘ಕಪ್ಪು ನಾಲ್ಕು’ ಎನ್ನುತ್ತಾರೆ. ಮೊದಲನೆಯದರ ಷಡ್ಜ 138.6 ಹರ್ಟ್ಸ್, ಎರಡನೆಯದರದ್ದು 207.7 ಹರ್ಟ್ಸ್. ಭಾಗಿಸಿ ನೋಡಿದರೆ ಬರುವುದು ಒಂದೂವರೆ. ಸಂಗೀತ ಕಲಿತವರು ಈಗಾಗಲೇ ನಗುತ್ತಿರಬೇಕು. ಅದು ‘ಸ’ದಿಂದ ‘ಪ’ಕ್ಕೆ ಇರುವ ಅಂತರ. ಗಂಡಸಿನ ಪಂಚಮದ ಮೇಲೆ ಹೆಂಗಸು ತನ್ನ ಷಡ್ಜವನ್ನು ಇಡುತ್ತಾಳೆ.

ಹಾಗಾದರೆ ಗಂಡುದನಿಯ ಟ್ರ್ಯಾಕಿಗೆ ಹುಡುಗಿಯೊಬ್ಬಳು ಹಾಡಲು ಹೊರಟರೆ ಏನಾಗುತ್ತದೆ? ಆ ಹಾಡು 131ರಿಂದ 392 ಹರ್ಟ್ಸ್‌ವರೆಗೆ ಓಡಾಡುತ್ತದೆ ಎಂದುಕೊಳ್ಳಿ. ಇದ್ದಲ್ಲೇ ಹಾಡಿದರೆ ಕೆಳಗಿನ ಸ್ವರಗಳು ಅವಳ ಗಂಟಲಿನಲ್ಲಿ ಬರೀ ಗಾಳಿಯಾಗುತ್ತವೆ. ಒಂದು ಸ್ಥಾಯಿ ಮೇಲೆ ಹಾಡೋಣವೆಂದರೆ ಎಲ್ಲವೂ ಇಮ್ಮಡಿಯಾಗಿ, ಎತ್ತರ 784 ಹರ್ಟ್ಸ್‌ಗೆ ಹೋಗಿ ನಿಲ್ಲುತ್ತದೆ. ಅಭ್ಯಾಸವಿಲ್ಲದ ಹೆಣ್ಣುದನಿ ಸುಮಾರು 500 ಹರ್ಟ್ಸ್ ದಾಟುವ ಹೊತ್ತಿಗೇ ಕಿರುಚತೊಡಗುವುದು ಸಾಮಾನ್ಯ. ಕೆಳಗೆ ಬಾವಿ, ಮೇಲೆ ಮುಳ್ಳು. ನಡುವಿನಲ್ಲಿ ದಾರಿ ಉಂಟು. ಒಂದು ಸ್ಥಾಯಿಯಲ್ಲಿ ಹಾರ್ಮೋನಿಯಂನ ಕರಿ-ಬಿಳಿ ಎಲ್ಲ ಸೇರಿ 12 ಮನೆಗಳು. ಒಂದೊಂದು ಮನೆ ಏರಿದಾಗಲೂ ಕಂಪನ ಸುಮಾರು ಶೇಕಡಾ 6ರಷ್ಟು ಹೆಚ್ಚುತ್ತದೆ. ಟ್ರ್ಯಾಕನ್ನು 5 ಮನೆ ಏರಿಸಿದರೆ ಅದೇ ಹಾಡು 175ರಿಂದ 523ರವರೆಗೆ ಬಂದು ಕೂರುತ್ತದೆ. ಅನೇಕ ಹುಡುಗಿಯರಿಗೆ ಇದು ಎಟಕುವ ಜಾಗ. 5 ಏರಿಸುವ ಬದಲು 7 ಮನೆ ಇಳಿಸಿದರೂ ತಲುಪುವುದು ಅದೇ ಷಡ್ಜಕ್ಕೇ, ಏಕೆಂದರೆ 5 ಮತ್ತು 7 ಸೇರಿ 12. ಆದರೆ ಟ್ರ್ಯಾಕನ್ನು ಹೆಚ್ಚು ಎಳೆದಷ್ಟೂ ತಬಲ, ಕೊಳಲು ತಮ್ಮ ಸಹಜ ಬಣ್ಣ ಕಳೆದುಕೊಳ್ಳುತ್ತವೆ; ಹೀಗಾಗಿ ಚಿಕ್ಕ ಸಂಖ್ಯೆಯನ್ನೇ ಹಿಡಿಯಿರಿ.

ಹೆಣ್ಣುದನಿಯ ಮೂಲ ಹಾಡಾದರೆ ತೊಂದರೆಯೇ ಇಲ್ಲ ಎನ್ನಬೇಡಿ. ಪಿ. ಸುಶೀಲ, ಎಸ್. ಜಾನಕಿ, ವಾಣಿ ಜಯರಾಂ ಅವರಂಥವರು ಹಾಡಿದ ಚಿತ್ರಗೀತೆಗಳನ್ನು ಸ್ವರ ಸಂಯೋಜಕರು ಅವರ ಸಾಮರ್ಥ್ಯವನ್ನು ಅರಿತೇ ಹೆಣೆದಿದ್ದರು. ‘ಕಪ್ಪು ನಾಲ್ಕ’ರಲ್ಲಿ ಹಾಡಿ ತಾರಸ್ಥಾಯಿಯ ಪಂಚಮವನ್ನು ಮುಟ್ಟಿದರೆ ಅದು 623 ಹರ್ಟ್ಸ್. ಮೂರು ಮನೆ ಇಳಿಸಿದರೆ ಅದೇ ಪಂಚಮ 524ಕ್ಕೆ ಇಳಿಯುತ್ತದೆ. ಮೂರೇ ಮನೆ! ಕೇಳುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲವೆಂದು ನನ್ನ ಅಂದಾಜು. ಹಾಡುವವಳಿಗೆ ಮಾತ್ರ ಅದು ಬೆಟ್ಟ ಮತ್ತು ಬಯಲಿನ ವ್ಯತ್ಯಾಸ. ಸ್ಟುಡಿಯೋದಲ್ಲಿ ಧ್ವನಿಪರೀಕ್ಷೆಗೆ ಬಂದ ಹುಡುಗಿಯ ಮುಖ ಶ್ರುತಿ ಇಳಿಸಿದ ಕೂಡಲೇ ಸಡಿಲಾಗುವುದನ್ನು ನಾನು ಎಷ್ಟೋ ಬಾರಿ ಗಾಜಿನ ಈಚೆಯಿಂದ ನೋಡಿದ್ದೇನೆ.

ಟೇಪಿನ ಕಾಲದಲ್ಲಿ ಇದು ಸುಲಭವಿರಲಿಲ್ಲ. ಟೇಪನ್ನು ನಿಧಾನವಾಗಿ ಓಡಿಸಿದರೆ ಶ್ರುತಿ ಇಳಿಯುತ್ತಿತ್ತು, ಜೊತೆಗೆ ಲಯವೂ ಎಳೆಯುತ್ತಿತ್ತು. ಅಮೆರಿಕದ ಡಾಲಿ ಪಾರ್ಟನ್ 1973ರಲ್ಲಿ ಹಾಡಿದ ‘ಜೋಲೀನ್’ ಎಂಬ ಹಾಡಿನ 45 ಸುತ್ತಿನ ಗ್ರಾಮಫೋನ್ ತಟ್ಟೆಯನ್ನು ಯಾರೋ 33 ಸುತ್ತಿನ ವೇಗದಲ್ಲಿ ಓಡಿಸಿ ನೋಡಿದರು. ಶ್ರುತಿ ಸುಮಾರು 5 ಮನೆ ಇಳಿದು, ಗಂಡಸೊಬ್ಬ ದುಃಖದಿಂದ ಹಾಡುತ್ತಿರುವಂತೆ ಕೇಳಿತು. ಕೇಳಿದವರೆಲ್ಲ ಬೆರಗಾದರು. ಗಂಡು-ಹೆಣ್ಣು ದನಿಯ ನಡುವಿನ ಗೋಡೆ ಎಷ್ಟು ತೆಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕಿಲ್ಲ. ಈಗಿನ ಡಿಜಿಟಲ್ ತಂತ್ರದಲ್ಲಿ ಲಯವನ್ನು ಹಾಗೇ ಬಿಟ್ಟು ಶ್ರುತಿಯೊಂದನ್ನೇ ಸರಿಸಬಹುದು. ಕರೋಕೆ ಯಂತ್ರಗಳಲ್ಲಿ, ಮೊಬೈಲಿನ ಅನೇಕ ತಂತ್ರಾಂಶಗಳಲ್ಲಿ ಕೂಡು-ಕಳೆ ಚಿಹ್ನೆಗಳಿರುವ ಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಒಂದು ಮನೆ. ಈ ಗುಂಡಿಯನ್ನು ಮುಟ್ಟದೆ ವೇದಿಕೆ ಹತ್ತುವುದು, ಸ್ಟೂಲಿನ ಎತ್ತರ ಸರಿಮಾಡಿಕೊಳ್ಳದೆ ಪಿಯಾನೋ ಮುಂದೆ ಕುಳಿತಂತೆ.

ನಿಮ್ಮ ಅಳತೆ ಎಷ್ಟು?

ಇದಕ್ಕೆ ಉಪಕರಣವೇನೂ ಬೇಡ. ‘ಹ್ಯಾಪಿ ಬರ್ತ್‌ಡೇ’ ಹಾಡು ಎಲ್ಲರಿಗೂ ಬರುತ್ತದೆ. ಅದರ ಮೂರನೆಯ ಸಾಲನ್ನು ಗಮನಿಸಿ. ಅಲ್ಲಿ ರಾಗ ಒಮ್ಮೆಗೇ ಪೂರ್ತಿ ಒಂದು ಸ್ಥಾಯಿ ಜಿಗಿಯುತ್ತದೆ; ಇಡೀ ಹಾಡಿನ ವ್ಯಾಪ್ತಿಯೂ ಅಷ್ಟೇ, ಒಂದು ಸ್ಥಾಯಿ. ಹುಟ್ಟುಹಬ್ಬಗಳಲ್ಲಿ ಎಲ್ಲರ ದನಿ ಚದುರುವುದು ಅದೇ ಜಾಗದಲ್ಲಿ ಎಂಬುದನ್ನು ಗಮನಿಸಿರಬಹುದು. ಮನೆಯಲ್ಲಿ ಒಬ್ಬರೇ ಕುಳಿತು, ತೋಚಿದ ಸ್ವರದಿಂದ ಅದನ್ನು ಹಾಡಿ. ಜಿಗಿತದಲ್ಲಿ ಗಂಟಲು ಬಿಗಿಯಿತೇ? ಸ್ವಲ್ಪ ಕೆಳಗಿನಿಂದ ಮತ್ತೆ ಶುರುಮಾಡಿ. ಮೊದಲ ಸ್ವರವೇ ಕೇಳದಷ್ಟು ಕೆಳಗಾಯಿತೇ? ತುಸು ಮೇಲೆ ಬನ್ನಿ. ಮೂರು-ನಾಲ್ಕು ಯತ್ನದಲ್ಲಿ ಎರಡೂ ತುದಿ ಹಗುರವಾಗಿ ಬರುವ ಒಂದು ನೆಲೆ ಸಿಗುತ್ತದೆ. ಮೊಬೈಲಿನ ಕೀಬೋರ್ಡ್ ತಂತ್ರಾಂಶದಲ್ಲಿ ಆ ಎರಡು ಸ್ವರಗಳನ್ನು ಗುರುತು ಹಾಕಿಕೊಳ್ಳಿ. ಇದು ನಿಮ್ಮ ನೆಮ್ಮದಿಯ ಸ್ಥಾಯಿ. ಇದರ ಆಚೀಚೆ ಮೂರು-ನಾಲ್ಕು ಮನೆ ದಾಟಬಲ್ಲಿರಿ. ಆದರೆ ಹಾಡಿನ ಬಹುಭಾಗ ಇದರೊಳಗೇ ಇರಬೇಕು.

ಇಲ್ಲೊಂದು ಎಚ್ಚರಿಕೆ. ಶ್ರುತಿ ಬದಲಿಸಿದರೆ ಹಾಡು ಇರುವ ಜಾಗ ಬದಲಾಗುತ್ತದೆಯೇ ಹೊರತು ಹಾಡಿನ ಉದ್ದ ಬದಲಾಗದು. ಕೋಣೆಗಿಂತ ಉದ್ದವಾದ ಮಂಚವನ್ನು ಯಾವ ಗೋಡೆಗೆ ಸರಿಸಿದರೇನು? ಅಮೆರಿಕದ ರಾಷ್ಟ್ರಗೀತೆ ಒಂದು ಸ್ಥಾಯಿಯ ಮೇಲೆ ಇನ್ನೊಂದು ಪಂಚಮದಷ್ಟು, ಅಂದರೆ ಒಟ್ಟು 19 ಮನೆಗಳಷ್ಟು ಹರಡಿಕೊಂಡಿದೆ. ಅದನ್ನು ಹಾಡಲು ಅಲ್ಲಿಯ ಜನರೇ ಪಡುವ ಪಾಡು ಪ್ರಸಿದ್ಧ. ನಮ್ಮ ಚಿತ್ರಗೀತೆಗಳಲ್ಲೂ ಪಲ್ಲವಿ ಮಂದ್ರದಲ್ಲಿ ತೆವಳಿ ಚರಣ ತಾರಕ್ಕೆ ಹಾರುವಂಥವು ಬೇಕಾದಷ್ಟಿವೆ. ಹಾಡನ್ನು ಆರಿಸುವಾಗ ಪಲ್ಲವಿಯನ್ನಷ್ಟೇ ಗುನುಗಿ ನೋಡಿ ಮೋಸಹೋಗುವವರೇ ಹೆಚ್ಚು. ಮೊದಲು ಚರಣದ ಅತಿ ಎತ್ತರದ ಸಾಲನ್ನು ಹಾಡಿ ನೋಡಿ, ಆಮೇಲೆ ಪಲ್ಲವಿ.

ಒಂದೇ ಹಾಡು ಹಾಡುವ ರೀತಿಯಿಂದ ಸುಲಭವೂ ಆಗಬಹುದು, ಕಷ್ಟವೂ ಆಗಬಹುದು. ಇದೇ ಡಾಲಿ ಪಾರ್ಟನ್ ಬರೆದು 1974ರಲ್ಲಿ ಹೊರತಂದ ‘ಐ ವಿಲ್ ಆಲ್ವೇಸ್ ಲವ್ ಯೂ’ ಒಂದು ಮೆಲುದನಿಯ ವಿದಾಯಗೀತೆ. ನಡುವೆ ಒಂದು ನುಡಿಯನ್ನು ಅವರು ಹಾಡುವುದೇ ಇಲ್ಲ, ಮಾತಿನಂತೆ ಹೇಳಿಬಿಡುತ್ತಾರೆ. 1992ರಲ್ಲಿ ‘ದಿ ಬಾಡಿಗಾರ್ಡ್’ ಚಿತ್ರಕ್ಕಾಗಿ ವಿಟ್ನಿ ಹ್ಯೂಸ್ಟನ್ ಅದನ್ನೇ ಹಾಡಿದರು. ಶುರುವಿನಲ್ಲಿ ವಾದ್ಯವೇ ಇಲ್ಲ. ಕೊನೆಯಲ್ಲಿ ಒಂದು ಕ್ಷಣ ಎಲ್ಲವೂ ನಿಂತು, ಹಾಡು ಎರಡು ಮನೆ ಮೇಲಿನ ಹೊಸ ಶ್ರುತಿಗೆ ಹಾರುತ್ತದೆ. ಜಗತ್ತು ಆ ಹಾರಾಟಕ್ಕೆ ತಲೆದೂಗಿತು. ಆದರೆ ಕಾಲೇಜಿನ ವೇದಿಕೆಯಲ್ಲಿ ಆ ಟ್ರ್ಯಾಕನ್ನು ಕೇಳಿ ಹಾಕಿಸಿಕೊಳ್ಳುವ ಹುಡುಗಿಗೆ ನಾನು ಹೇಳುವುದಿಷ್ಟೇ: ಡಾಲಿಯ ಟ್ರ್ಯಾಕನ್ನು ಹುಡುಕಮ್ಮ. ಹಾಡು ಅದೇ, ಅರ್ಥವೂ ಅದೇ.

ಈಗ ಸಭಿಕರ ವಿಷಯ. ಜನ ಮೆಚ್ಚುವ ಹಾಡು ಎಂದರೆ ದೊಡ್ಡ ಹಾಡು ಎಂದು ನಾವು ತಿಳಿಯುತ್ತೇವೆ. ಸಭೆಯನ್ನು ಗಮನಿಸಿದರೆ ಹಾಗೆ ಕಾಣುವುದಿಲ್ಲ. ಜನರಿಗೆ ಬೇಕಾದದ್ದು ತಾವೂ ಸೇರಿಕೊಳ್ಳಲು ಒಂದು ಬಾಗಿಲು. ಪಲ್ಲವಿ ಬೇಗಬೇಗ ಮರಳಿ ಬರಬೇಕು. ಎರಡನೆಯ ಸಲ ಬಂದಾಗ ಗೊತ್ತಿಲ್ಲದವನಿಗೂ ಬಾಯಿಗೆ ಬರಬೇಕು. 1978ರ ‘ಐ ವಿಲ್ ಸರ್ವೈವ್’ ಎಂಬ ಗ್ಲೋರಿಯಾ ಗೇನರ್ ಹಾಡು ಹೊರದೇಶಗಳ ಕರೋಕೆ ಕೋಣೆಗಳಲ್ಲಿ ಹೆಂಗಸರ ಅಚ್ಚುಮೆಚ್ಚಿನದು. ಆ ಹಾಡಿನ ಉದ್ದಕ್ಕೂ ಎಂಟು ಸ್ವರಮೇಳಗಳ ಒಂದೇ ಸುತ್ತು ತಿರುಗುತ್ತಲೇ ಇರುತ್ತದೆ, ಗಾಣದ ಎತ್ತಿನಂತೆ. ಒಂದು ಸುತ್ತು ಕಲಿತರೆ ಇಡೀ ಹಾಡು ಕಲಿತಂತೆ. ಅದು ಮೊದಲು ಹೊರಬಂದದ್ದು ತಟ್ಟೆಯ ಹಿಂಬದಿಯ ಹಾಡಾಗಿ!

ನಮ್ಮಲ್ಲಿ ಈ ಗುಣ ತೀರ ಹಳೆಯದು. ಬೀಸುವ ಪದ, ಸೋಬಾನೆ ಪದ, ಕೋಲಾಟದ ಪದಗಳನ್ನು ತೆಗೆದುಕೊಳ್ಳಿ. ಎಷ್ಟೋ ಪದಗಳು ಐದಾರು ಸ್ವರಗಳೊಳಗೇ ಮುಗಿಯುತ್ತವೆ. ರಾಗಿಕಲ್ಲು ತಿರುಗಿಸುವವಳಿಗೆ ಉಸಿರು ಉಳಿಯಬೇಕಲ್ಲ! ಒಬ್ಬಳು ಸೊಲ್ಲು ಎತ್ತುತ್ತಾಳೆ, ಉಳಿದವರು ಮರಳಿ ಹೇಳುತ್ತಾರೆ. ಹೆಂಗಸರು ಹೆಂಗಸರಿಗಾಗಿಯೇ, ತಮ್ಮದೇ ಶ್ರುತಿಯಲ್ಲಿ ಕಟ್ಟಿಕೊಂಡ ಹಾಡುಗಳಿವು. ಇವನ್ನು ‘ಹಳ್ಳಿ ಹಾಡು’ ಎಂದು ಪಕ್ಕಕ್ಕಿಟ್ಟು ಕಷ್ಟದ ಚಿತ್ರಗೀತೆಗೆ ಕೈಹಾಕುವುದು ನನಗಂತೂ ಅರ್ಥವಾಗದ ವಿಚಾರ. ಭಾವಗೀತೆಗಳೂ ಹೀಗೆಯೇ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಈ ಹಾಡುಗಳು ಮನೆಮನೆಯ ಟೇಪ್‌ರೆಕಾರ್ಡರಿಗೆ ನಡೆದುಬಂದವು. ಅಲ್ಲಿ ಮುಂದೆ ನಿಲ್ಲುವುದು ಪದ. ಸ್ವರ ಅದರ ಹಿಂದೆ. ಅದೇ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವಥ್ ಏರುಕಂಠದಲ್ಲಿ ಹಾಡಿದ ತತ್ವಪದಗಳಿಗೆ ಸಭೆ ಇಂದಿಗೂ ಕುಣಿಯುತ್ತದೆ. ಹುಡುಗಿಯರೂ ಧಾರಾಳವಾಗಿ ಹಾಡಬಹುದು. ಆ ಗುಂಡಿಯನ್ನು ಮರೆಯದಿದ್ದರೆ ಸರಿ.

ಪದ ಕೇಳಿಸುವ ಮಾತಿಗೂ ಶ್ರುತಿಗೂ ನಂಟಿದೆ. ‘ಇ’, ‘ಉ’, ‘ಆ’ ಎಂಬ ಸ್ವರಾಕ್ಷರಗಳನ್ನು ಕಿವಿ ಬೇರ್ಪಡಿಸುವುದು ಬಾಯಿಯ ಪೊಳ್ಳು ಯಾವ ಕಂಪನಗಳಿಗೆ ಅನುರಣಿಸುತ್ತದೆ ಎಂಬುದರ ಮೇಲೆ. ‘ಇ’ಗೆ ಮೊದಲ ಅನುರಣನ 300-400 ಹರ್ಟ್ಸ್ ಸುಮಾರಿನಲ್ಲಿದೆ. ನೀವು 600 ಹರ್ಟ್ಸ್‌ನಲ್ಲಿ ಹಾಡುತ್ತಿದ್ದರೆ ಆ ಜಾಗದಲ್ಲಿ ನಿಮ್ಮ ದನಿಯೇ ಇರುವುದಿಲ್ಲ. ದನಿ ಅದರ ಮೇಲಿನಿಂದಲೇ ಶುರುವಾಗಿರುತ್ತದೆ. ಎತ್ತರದಲ್ಲಿ ಹಾಡಿದಷ್ಟೂ ಅಕ್ಷರಗಳು ಕಲಸಿಹೋಗಿ ಎಲ್ಲವೂ ‘ಆ’ ಎಂದು ಕೇಳುವುದು ಇದರಿಂದ. ದೊಡ್ಡ ಗಾಯಕಿಯರಿಗೂ ಈ ನಿಯಮ ತಪ್ಪಿದ್ದಲ್ಲ. ಪದ ಕೇಳದ ಹಾಡಿಗೆ ಸಭೆ ಹೇಗೆ ಜೊತೆಗೂಡೀತು?

ಇನ್ನೊಂದು ತೊಡಕು ನಮ್ಮ ಚಿತ್ರಗೀತೆಗಳದ್ದೇ. ಪಲ್ಲವಿಗೂ ಚರಣಕ್ಕೂ ನಡುವೆ ಅರ್ಧ ನಿಮಿಷದ ವಾದ್ಯಸಂಗೀತ. ಪರದೆಯ ಮೇಲಾದರೆ ನಾಯಕಿ ಆ ಹೊತ್ತಿನಲ್ಲಿ ಬೆಟ್ಟ ಇಳಿದು ಬರುತ್ತಾಳೆ; ವೇದಿಕೆಯಲ್ಲಿ ನೀವೇನು ಮಾಡುತ್ತೀರಿ? ನಮ್ಮ ಕ್ಯಾಮೆರಾದವರು ಅಂಥ ವೇಳೆಯಲ್ಲಿ ಸಭಿಕರ ಕಡೆ ತಿರುಗಿ ಹಾಡುವವರನ್ನು ಪಾರುಮಾಡುತ್ತಾರೆ. ಕಾಲೇಜಿನಲ್ಲಿ ಆ ಸೌಕರ್ಯವಿಲ್ಲ. ವಾದ್ಯದ ಭಾಗ ಚಿಕ್ಕದಾಗಿರುವ ಹಾಡನ್ನೇ ಹುಡುಕಿ, ಇಲ್ಲವೇ ಸಭೆಯಿಂದ ಚಪ್ಪಾಳೆಯ ತಾಳ ಹಾಕಿಸಿ.

ಮೊಬೈಲಿನಲ್ಲಿ ಮುದ್ರಿಸಿಕೊಂಡ ತಮ್ಮ ದನಿಯನ್ನು ಕೇಳಿ “ಅಯ್ಯೋ, ಇದು ನಾನಲ್ಲ” ಎನ್ನುವವರಿಗೂ ಒಂದು ಮಾತು. ನಾವು ಹಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ತಲುಪುತ್ತದೆ. ಮೂಳೆಯ ದಾರಿ ತಗ್ಗು ಕಂಪನಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ದನಿ ನಮಗೆ ತುಂಬಿಕೊಂಡಂತೆ ಕೇಳುತ್ತದೆ. ಮುದ್ರಣದಲ್ಲಿ ಆ ಪಾಲು ಇಲ್ಲದೆ ತೆಳುವಾಗಿ ಕೇಳುತ್ತದೆ. ನಿಮ್ಮ ಗೆಳತಿಯರು ಎಂದಿನಿಂದಲೂ ಕೇಳುತ್ತಿರುವುದು ಆ ‘ತೆಳು’ ದನಿಯನ್ನೇ. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಕಡೆಯದಾಗಿ, ಅಭ್ಯಾಸ ಮಾಡುವಾಗ ಮೊಬೈಲನ್ನು ಬ್ಲೂಟೂತ್ ಸ್ಪೀಕರಿಗೆ ಜೋಡಿಸಿ, ಪದಗಳನ್ನು ಪರದೆಯ ಮೇಲೆ ಓದುತ್ತಾ ಹಾಡುವ ರೂಢಿಯಿದೆ. ಮೈಕನ್ನೂ ಅದೇ ದಾರಿಯಲ್ಲಿ ಜೋಡಿಸಿದರೆ ನಿಮ್ಮ ದನಿ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಿ ನಿಮ್ಮ ಕಿವಿಗೆ ಮರಳಬಹುದು. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ ಸುಮಾರು 34 ಮೀಟರ್ ಹೋಗಿರುತ್ತದೆ. ಅಂದರೆ ಆಟದ ಮೈದಾನದ ಆಚೆ ತುದಿಯ ಧ್ವನಿವರ್ಧಕದಲ್ಲಿ ನಿಮ್ಮನ್ನು ನೀವೇ ಕೇಳುತ್ತಾ ಹಾಡಿದಂತೆ. ತಾಳ ತಪ್ಪದೆ ಇನ್ನೇನಾದೀತು? ಮೈಕಿಗೂ ಸ್ಪೀಕರಿಗೂ ತಂತಿಯನ್ನೇ ಬಳಸಿ. ವೇದಿಕೆ ಹತ್ತುವ ಮೊದಲು ಧ್ವನಿವರ್ಧಕ ನೋಡಿಕೊಳ್ಳುವವರ ಬಳಿ ಹೋಗಿ, ಹಾಡಿನ ಹೆಸರಿನ ಜೊತೆಗೆ “ಕಳೆ ಮೂರು” ಅಥವಾ “ಕೂಡು ಐದು” ಎಂದು ನಿಮ್ಮ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಡಿ.